ಪೈಪಣ್ಣನ ಲೈನಿನಲ್ಲಿ ಗಾಳಿ

ಕೊಳಾಯಿ ರಿಪೇರಿ ಮಾಡುವವನ ಮನೆಯ ಕೊಳಾಯಿಯೇ ಸೋರುತ್ತದೆ ಎಂದು ಜನ ಆಡಿಕೊಳ್ಳುವುದುಂಟು. ಪೈಪಣ್ಣನ ವಿಷಯದಲ್ಲಿ ಅದು ಶುದ್ಧ ಸುಳ್ಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನ ಮನೆಯ ಒಂದು ನಲ್ಲಿಯೂ ತೊಟ್ಟು ನೀರು ಸೋರಿದ್ದಿಲ್ಲ. ಸೋರಿದ್ದು ಅವನೇ, ಅದೂ ಹೊಟ್ಟೆಯೊಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಅದನ್ನು ಮೊದಲು ಕಂಡುಹಿಡಿದವಳು ಅವನ ಹೆಂಡತಿ, ಬಚ್ಚಲಮನೆಯ ಬಾಗಿಲಿನ ಈಚೆ ನಿಂತು, ಬರೀ ಕಿವಿಯಿಂದ.

ಪೈಪಣ್ಣನನ್ನು ಕಟ್ಟಿಕೊಂಡ ತಪ್ಪಿಗೆ ಪೇಟೆಯವರೆಲ್ಲ ಅವಳನ್ನು ಪೈಪಕ್ಕ ಎನ್ನುತ್ತಿದ್ದರು. ಬೆಳಿಗ್ಗೆ ಅವನು ಸ್ಪ್ಯಾನರಿನ ಪೆಟ್ಟಿಗೆ ಎತ್ತಿಕೊಂಡು ಹೊರಟನೆಂದರೆ ಅಂಗಡಿ ಇವಳದು. ಗೋಡೆಯ ತುಂಬ ಎಲ್ಬೋ, ಟೀ, ವಾಷರ್, ವಾಲ್ವುಗಳ ಪುಟ್ಟ ಪುಟ್ಟ ಡಬ್ಬಿಗಳು. ಗಿರಾಕಿ ಬಂದು ‘ಅದೇ, ಹೀಗೆ ಬಗ್ಗಿರುತ್ತಲ್ಲ’ ಎಂದು ಕೈ ತಿರುಗಿಸಿದರೆ ಸಾಕು, ನೋಡದೆಯೇ ಸರಿಯಾದ ಡಬ್ಬಿಗೆ ಕೈ ಹಾಕುತ್ತಿದ್ದಳು. ಫೋನಿನಲ್ಲಿ ನಲ್ಲಿಯ ಸದ್ದು ಕೇಳಿಸಿಕೊಂಡೇ ಕೆಟ್ಟಿರುವುದು ವಾಷರೋ ವಾಲ್ವೋ ಎಂದು ಹೇಳುವಷ್ಟು ಅವಳ ಕಿವಿ ಪಳಗಿತ್ತು. ಬಾಯಿ ಅದಕ್ಕಿಂತ ಪಳಗಿತ್ತು ಅನ್ನಿ.

ಅವತ್ತು ಬೆಳಿಗ್ಗೆ ಟವೆಲು ಕೊಡಲು ಬಚ್ಚಲ ಬಾಗಿಲಿಗೆ ಬಂದವಳಿಗೆ ಒಳಗಿನಿಂದ ಸದ್ದು ಕೇಳಿಸಿತು. ಪುಸ್, ಪಚಕ್, ಮತ್ತೆ ಪುಸ್. ಎರಡು ದಿನ ನೀರು ನಿಂತು ಮೂರನೆಯ ದಿನ ಬಂದಾಗ ನಲ್ಲಿ ಮಾಡುತ್ತದಲ್ಲ, ಅದೇ ಸದ್ದು. ಆದರೆ ಆ ಹೊತ್ತಿನಲ್ಲಿ ಒಳಗೆ ಯಾವ ನಲ್ಲಿಯೂ ತೆರೆದಿರಲಿಲ್ಲ.

ಹೊರಗೆ ಬಂದವನನ್ನು ಅಡ್ಡಗಟ್ಟಿ ಕೇಳಿದರೆ, ಆ ಮಹಾನುಭಾವ ನಕ್ಕುಬಿಡುವುದೇ? "ಏನಿಲ್ಲ ಕಣೆ, ಲೈನಲ್ಲಿ ಸ್ವಲ್ಪ ಗಾಳಿ ಸೇರ್ಕೊಂಡಿದೆ. ನಾನೇ ನೋಡ್ಕೋತಿದ್ದೀನಿ."

ನೋಡಿಕೊಳ್ಳುತ್ತಿದ್ದಾನಂತೆ, ನಾಲ್ಕು ತಿಂಗಳಿನಿಂದ. ಪೈಪಿನೊಳಗೆ ಗಾಳಿ ಕಟ್ಟಿಕೊಂಡರೆ ಪ್ಲಂಬರ್ ಮಾಡುವುದು ಒಂದೇ ಕೆಲಸ: ನಲ್ಲಿಯನ್ನು ಪೂರ್ತಿ ಬಿಟ್ಟು, ಗಾಳಿಯೆಲ್ಲ ಹೋಗುವ ತನಕ ನೀರು ಹರಿಸುವುದು. ತನ್ನ ಮೈಗೂ ಅದೇ ಚಿಕಿತ್ಸೆ ಕೊಟ್ಟುಕೊಂಡಿದ್ದ ನಮ್ಮ ಪೈಪಣ್ಣ. ದಿನಕ್ಕೆ ಎಂಟು ಬಾಟಲಿ ನೀರು! ಚಹಾ ಬಿಟ್ಟು ನೀರು ಹಿಡಿದ ಗಂಡನನ್ನು ಕಂಡು, ಕೊನೆಗೂ ಬುದ್ಧಿ ಬಂತೆಂದು ಇವಳು ಹೆಮ್ಮೆಪಟ್ಟುಕೊಂಡಿದ್ದಳು. ನಡುವೆ ಎರಡು ಸಲ ಚಳಿಜ್ವರ ಬಂದಿತ್ತು, ಉರಿ ಬಂದಿತ್ತು, ಬೆಲ್ಟಿಗೆ ಎರಡು ಹೊಸ ತೂತು ಬಿದ್ದಿದ್ದವು. ಬೀದಿಯ ಡಾಕ್ಟರು ಉರಿಮೂತ್ರವೆಂದು ಮಾತ್ರೆ ಕೊಟ್ಟಿದ್ದರು. ಮೂತ್ರದ ಜೊತೆ ಗಾಳಿ ಬರುವ ವಿಷಯವನ್ನು ಇವನು ಅವರ ಹತ್ತಿರ ಬಾಯಿಬಿಟ್ಟಿರಲಿಲ್ಲ, ಅದು ಡಾಕ್ಟರರ ಲೆಕ್ಕದ ಕೆಲಸವಲ್ಲ, ತನ್ನ ಲೆಕ್ಕದ್ದು ಎಂದುಕೊಂಡು. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇನ್ನೇನು?

ಪೈಪಕ್ಕ ಅವತ್ತು ಅಂಗಡಿಯ ಬಾಗಿಲನ್ನೇ ತೆಗೆಯಲಿಲ್ಲ. ಗಂಡನ ತೋಳು ಹಿಡಿದು ಡಾಕ್ಟರ ಮುಂದೆ ಕೂರಿಸಿದಳು. ಡಾಕ್ಟರು ಇನ್ನೊಂದು ಬಗೆಯ ಮಾತ್ರೆ ಬರೆಯಲು ಪೆನ್ನು ತೆಗೆದಾಗ, "ಡಾಕ್ಟ್ರೇ, ಇವರಿಗೆ ಮೂತ್ರದ ಜೊತೆ ಗಾಳಿ ಬರ್ತಿದೆ. ಮುಚ್ಚಿದ ಲೈನಿಗೆ ಗಾಳಿ ತಾನಾಗೇ ಬರಲ್ಲ. ಎಲ್ಲೋ ತೂತು ಬಿದ್ದು ಇನ್ನೊಂದು ಲೈನು ಇದಕ್ಕೆ ಸೇರ್ಕೊಂಡಿದೆ," ಎಂದಳು. ಡಾಕ್ಟರ ಪೆನ್ನು ಹಾಗೆಯೇ ನಿಂತಿತು. ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಮಾತ್ರೆಯ ಚೀಟಿ ಹರಿದು ಸ್ಕ್ಯಾನಿಗೆ ಬರೆದುಕೊಟ್ಟರು. ಮಾರನೆಯ ದಿನ ಪರೀಕ್ಷೆಗೆಂದು ಹಿಡಿದ ಮೂತ್ರದ ಬಾಟಲಿಯಲ್ಲಿ ಒಂದು ಟೊಮೆಟೊ ಬೀಜ ತೇಲುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಊಟ ಹೋಗುವ ದಾರಿಯೂ ನೀರು ಹೋಗುವ ದಾರಿಯೂ ಒಳಗೆಲ್ಲೋ ಕೂಡಿಕೊಂಡಿದ್ದವು.

ಸ್ಕ್ಯಾನ್ ಆಯಿತು, ಕೆಳಗಿನಿಂದ ಕ್ಯಾಮೆರಾ ಹಾಕಿ ನೋಡಿ ಚೂರು ತೆಗೆದದ್ದಾಯಿತು, ಕೊನೆಗೆ ದೊಡ್ಡಾಸ್ಪತ್ರೆಯ ಸರ್ಜನ್ ಮೇಡಂ ಕೋಣೆ ಬಂತು. ಕುಳ್ಳಗಿನ ಹೆಂಗಸು, ಮಾತು ಪಟಪಟ, ಕೈಗೆ ಸಿಕ್ಕ ಕಾಗದದ ಮೇಲೆಲ್ಲ ಚಿತ್ರ ಬರೆಯುವ ಚಟ. ದೊಡ್ಡ ಕರುಳಿನ ಕೆಳತಿರುವಿನಲ್ಲಿ ಗಡ್ಡೆ ಎಂದರು. ಕ್ಯಾನ್ಸರ್ ಎಂದೂ ನೇರವಾಗಿ ಹೇಳಿದರು. ಅದು ಕರುಳಿನ ಗೋಡೆ ದಾಟಿ ಪಕ್ಕದ ಮೂತ್ರಕೋಶಕ್ಕೆ ಅಂಟಿಕೊಂಡು ತೂತು ಕೊರೆದಿದೆ, ಈ ಕಾಯಿಲೆಯವರಲ್ಲಿ ಬಹಳ ಕಡಿಮೆ ಜನಕ್ಕೆ ಹೀಗಾಗುತ್ತದೆ. ಕಾಯಿಲೆ ಮುಂದುವರಿದಿದೆ, ಆದರೆ ಲಿವರಿಗಾಗಲಿ ಶ್ವಾಸಕೋಶಕ್ಕಾಗಲಿ ಹೋಗಿಲ್ಲ. ಇವನು ಕುಡಿದ ನೀರು ಒಂದು ಕಡೆಯಿಂದ ಕೊಳೆ ತೊಳೆದು ಜೀವ ಉಳಿಸಿದೆ, ಇನ್ನೊಂದು ಕಡೆಯಿಂದ ಕಾಯಿಲೆಯನ್ನು ಮುಚ್ಚಿಟ್ಟಿದೆ.

ಕ್ಯಾನ್ಸರ್ ಎಂದಾಗ ಪೈಪಕ್ಕ ಗಂಡ ಏನು ಮಾಡುತ್ತಾನೋ ಎಂದು ತಿರುಗಿದರೆ ಅವನು ಮೇಡಂ ಕೈಯಿಂದ ಪೆನ್ನು ಇಸಿದುಕೊಳ್ಳುತ್ತಿದ್ದ! ಇಷ್ಟುದ್ದ ತುಂಡು ತೆಗೆದ ಮೇಲೆ ಎರಡು ತುದಿ ಕೂಡಿಸಿದರೆ ಜಾಯಿಂಟಿನ ಮೇಲೆ ಎಳೆತ ಬೀಳುವುದಿಲ್ಲವೇ ಎಂದು ಅವನ ಪ್ರಶ್ನೆ. ಮೇಡಂ ಕಣ್ಣರಳಿಸಿದರು. ಬೀಳುತ್ತದೆ, ಅದಕ್ಕೇ ಮೇಲುಗಡೆಯ ಕರುಳನ್ನು ಪಕ್ಕೆಯಿಂದ ಬಿಡಿಸಿ ಸಡಿಲ ಮಾಡಿ ಕೆಳಗಿಳಿಸುತ್ತೇನೆ ಎಂದು ಇನ್ನೊಂದು ಚಿತ್ರ ಬರೆದರು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಕಾಲು ಗಂಟೆ ಜಾಯಿಂಟು, ಎಳೆತ, ಸೋರಿಕೆ ಎಂದು ಮಾತಾಡಿದ್ದೇ ಮಾತಾಡಿದ್ದು. ಇವರಿಗೇನು ಹುಚ್ಚೇ ಎಂದುಕೊಂಡರೂ, ಪೈಪಕ್ಕನೂ ಕುರ್ಚಿ ಹತ್ತಿರಕ್ಕೆಳೆದು ಚಿತ್ರ ನೋಡಿದಳು. ಹರಿದದ್ದನ್ನು ಕೂಡಿಸಬಲ್ಲ ಜನ ಇದ್ದಾರೆ ಎಂಬ ಹುರುಪು ಅವಳಿಗೂ ಹತ್ತಿತು.

ಕೊನೆಗೆ ಮೇಡಂ ಕಷ್ಟದ ಮಾತಿಗೆ ಬಂದರು. ಮೂತ್ರಕೋಶದ ಒಂದು ಭಾಗ ಮಾತ್ರ ಹೋದರೆ, ಹೊಟ್ಟೆಯ ಮೇಲೆ ಮಲಕ್ಕೆ ಒಂದು ಚೀಲ, ಅದೂ ಕೆಲವು ತಿಂಗಳ ಮಟ್ಟಿಗೆ. ಮೂತ್ರಕೋಶವನ್ನೇ ತೆಗೆಯಬೇಕಾಗಿ ಬಂದರೆ ಮೂತ್ರಕ್ಕೆ ಇನ್ನೊಂದು ಚೀಲ, ಅದು ಜೀವನಪೂರ್ತಿ. ಯಾವುದೆಂದು ಹೊಟ್ಟೆ ತೆರೆದ ಮೇಲೆಯೇ ಗೊತ್ತಾಗುವುದು, ಆಗ ಏನು ಮಾಡಲಿ ಎಂದು ಕೇಳಿದರು. ಅಲ್ಲಿಯ ತನಕ ಹರಟುತ್ತಿದ್ದ ಪೈಪಣ್ಣ ಗೋಡೆ ನೋಡಿದ. ಆಮೇಲೆ, ಆಗ ನನ್ನ ಹೆಂಡತಿಯನ್ನು ಕೇಳಿ, ಅವಳು ಹೇಳಿದ್ದೇ ನನ್ನ ಮಾತು ಎಂದು ಹೇಳಿ, ಫಾರಂನಲ್ಲಿ ಹಾಗೆಯೇ ಬರೆಸಿ ಸಹಿ ಹಾಕಿದ. ಪೈಪಕ್ಕ ಹಿರಿಹಿರಿ ಹಿಗ್ಗಿದಳು.

ಹಿಗ್ಗು ಆಪರೇಷನ್ನಿನ ಹಿಂದಿನ ಸಂಜೆಗೆ ಇಳಿಯಿತು. ವಾರ್ಡಿನ ಮಂಚದ ಮೇಲೆ ಕೂತ ಅವನು ಅವಳ ಕೈ ಹಿಡಿದುಕೊಂಡ. ಮಂಚದ ಕಾಲ ಕಡೆ ಮೈದುನ ನಿಂತಿದ್ದ. ಈ ಮೈದುನ ಬಸ್ ಡ್ರೈವರು, ಅಣ್ಣ ಹಾಕಿದ ಗೆರೆ ದಾಟದವನು.

"ನೋಡು, ಎರಡನೇ ಚೀಲದ ಮಾತು ಬಂದ್ರೆ ಬೇಡ ಅನ್ಬೇಕು ನೀನು. ಇದ್ದ ಹಾಗೇ ಹೊಲಿದು ಕಳಿಸಿ ಅನ್ನು. ಜೀವಮಾನ ಎಲ್ಲಾ ಗೋಡೆ ಒಳಗೆ ಪೈಪು ಮುಚ್ಚಿಟ್ಟವನು ನಾನು, ಹೊರಗೆ ನೇತುಹಾಕ್ಕೊಂಡು ಗಿರಾಕಿ ಮನೆಗೆ ಹೋಗಲ್ಲ. ಮಾತು ಕೊಡು."

ಇದನ್ನು ಮೇಡಂ ಎದುರಿಗೇ ಯಾಕೆ ಹೇಳಲಿಲ್ಲ ಎಂದು ಅವಳು ರೇಗಿದಳು. ಅಷ್ಟು ಹುರುಪಿನಿಂದ ಚಿತ್ರ ಬರೆಯುತ್ತಿದ್ದವರ ಮುಖ ನೋಡಿ ಬಾಯಿ ಬರಲಿಲ್ಲವಂತೆ. ಇನ್ನು ವಾದ ಮಾಡಿದರೆ ಇವನ ರಕ್ತದೊತ್ತಡ ಏರಿ ಆಪರೇಷನ್ನೇ ಮುಂದಕ್ಕೆ ಹೋದೀತೆಂದು ಹೆದರಿ, ಪೈಪಕ್ಕ ಅವನ ಕೈ ಮೇಲೆ ಕೈ ಇಟ್ಟು ಆಯಿತು ಎಂದಳು. ಮೈದುನ ಅದನ್ನು ಕಣ್ಣಾರೆ ಕಂಡ.

ಬೆಳಿಗ್ಗೆ ಎಂಟಕ್ಕೆ ಅವನನ್ನು ಒಳಗೆ ತಳ್ಳಿಕೊಂಡು ಹೋದರು. ಕಾಯುವ ಕೋಣೆಯಲ್ಲಿ ನೆಲಕ್ಕೆ ಬೋಲ್ಟು ಹಾಕಿದ ಕುರ್ಚಿಗಳ ಸಾಲು, ಫಿನಾಯಿಲಿನ ವಾಸನೆ, ಮೂಲೆಯ ಬೇಸಿನ್ನಿನಲ್ಲಿ ತೊಟಕ್ ತೊಟಕ್ ಎನ್ನುವ ನಲ್ಲಿ. ಒಂದು ಗಂಟೆ ತಡೆದಳು. ಆಮೇಲೆ ತಡೆಯಲಾಗದೆ, ಬೇಸಿನ್ನಿನ ಕೆಳಗೆ ನೀರು ನಿಲ್ಲಿಸುವ ಕಾಕು ಮುಚ್ಚಿ, ಕಾವಲಿನವನಿಂದ ಇಕ್ಕಳ ಇಸಿದುಕೊಂಡು, ಪರ್ಸಿನ ತಳದಲ್ಲಿದ್ದ ವಾಷರೊಂದನ್ನು ಹಾಕಿ ಬಿಗಿದು ಬಂದಳು. ಕುರ್ಚಿಗಳಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ನೋಡಲಿ ಬಿಡಿ, ಕೈಗೆ ಕೆಲಸವಿಲ್ಲದಿದ್ದರೆ ಅವಳು ಅಲ್ಲೇ ಕೂಗಿಬಿಡುತ್ತಿದ್ದಳು.

ಹನ್ನೆರಡೂಕಾಲಿಗೆ ಬಾಗಿಲು ತೆರೆಯಿತು. ಹಸಿರು ಬಟ್ಟೆಯ ಸರ್ಜನ್ ಮೇಡಂ, ಮಾಸ್ಕು ಗಲ್ಲಕ್ಕಿಳಿದಿದೆ, ಹಣೆಯ ಮೇಲೆ ಟೋಪಿಯ ಗೆರೆ. ನಿಂತ ನಿಲುವಿನಲ್ಲೇ ಹೇಳಿದರು. ಕರುಳಿನ ಕಡೆ ಬಿಡಿಸಿಯಾಗಿದೆ, ಅದು ಚೆನ್ನಾಗಿದೆ. ಮೂತ್ರಕೋಶದ ಹಿಂಭಾಗದಲ್ಲಿ ಅಂಟಿರುವುದು ಕಲ್ಲಿನಂತೆ ಗಟ್ಟಿಯಾಗಿದೆ, ಕಿಡ್ನಿಯಿಂದ ಬರುವ ಎರಡು ನಾಳಗಳು ಸೇರುವ ಜಾಗಕ್ಕೆ ತೀರಾ ಹತ್ತಿರ. ಆ ಗಟ್ಟಿ ಬರೀ ಬಾವೋ ಕ್ಯಾನ್ಸರೋ ಮುಟ್ಟಿ ಹೇಳಲಾಗದು. ಬಿಡಿಸಿ ನೋಡಲು ಹೋದರೆ ಕಾಯಿಲೆ ಹೊಟ್ಟೆಯೊಳಗೆಲ್ಲ ಚೆಲ್ಲುತ್ತದೆ. ಹಾಗಾಗಿ ಸುತ್ತ ಒಂದು ಬೆರಳಿನಷ್ಟು ಒಳ್ಳೆಯ ಭಾಗವನ್ನೂ ಸೇರಿಸಿ ಒಂದೇ ತುಂಡಾಗಿ ಕತ್ತರಿಸಿ, ಅಂಚನ್ನು ಆಗಿಂದಾಗಲೇ ಲ್ಯಾಬಿಗೆ ಕಳಿಸಬೇಕು.

"ಅಂಚಿನಲ್ಲಿ ಕಾಯಿಲೆ ಇದೆ ಅಂತ ಬಂದ್ರೆ ಪೂರ್ತಿ ಮೂತ್ರಕೋಶ ತೆಗೀಬೇಕಾಗಬಹುದು. ಒಮ್ಮೆ ಕತ್ತರಿ ಇಟ್ಟ ಮೇಲೆ ಹೊರಗೆ ಬಂದು ಕೇಳೋಕಾಗಲ್ಲ. ಅದಕ್ಕೆ ಈಗಲೇ ನೀವು..."

"ತೆಗೀರಿ," ಎಂದಳು ಪೈಪಕ್ಕ.

"ಎರಡನೇ ಚೀಲ ಜೀವನಪೂರ್ತಿ ಇರುತ್ತೆ, ಗೊತ್ತಲ್ಲ?"

"ಗೊತ್ತು. ಕಾಗದ ಕೊಡಿ."

ಮೈದುನ ನಡುವೆ ಬಂದ. "ಅತ್ತಿಗೆ, ನಿನ್ನೆ ತಾನೇ ಅಣ್ಣನಿಗೆ ಮಾತು ಕೊಟ್ರಿ."

"ಕೊಟ್ಟಿದ್ದೆ. ಈಗ ವಾಪಸ್ ತಗೊಂಡೆ," ಎಂದು ಅವಳು ಸಹಿ ಎಳೆದಳು. ಮೇಡಂ ಒಂದು ಕ್ಷಣ ಇಬ್ಬರನ್ನೂ ನೋಡಿದರು. ಫಾರಂನಲ್ಲಿ ಪೈಪಣ್ಣನೇ ಬರೆಸಿದ್ದ ಸಾಲಿನ ಮೇಲೆ ಬೆರಳಾಡಿಸಿ, ತಲೆಯಾಡಿಸಿ ಒಳಗೆ ಹೋದರು. ಮೈದುನ ಅತ್ತಿಗೆಗೆ ಬೆನ್ನು ತಿರುಗಿಸಿ ಕೂತ. ಮಾತಿಗೆ ತಪ್ಪಿದವಳು, ಗಂಡನ ಕಡೆಯ ಮಾತನ್ನೂ ನಡೆಸದವಳು ಎಂದು ಅವನ ಬೆನ್ನೇ ಬೈಯುತ್ತಿತ್ತು. ಎಚ್ಚರವಾದ ಗಂಡ ತನ್ನ ಮುಖ ನೋಡದೆ ಹೋದರೆ? ಹೋಗಲಿ, ನೋಡದಿರಲಿಕ್ಕಾದರೂ ಅವನು ಇರಬೇಕಲ್ಲ ಎಂದು ಪೈಪಕ್ಕ ಹಲ್ಲು ಕಚ್ಚಿ ಕೂತಳು.

ಒಂದು ಗಂಟೆಯ ಮೇಲೆ ಆಯಾ ಒಬ್ಬಳು ಮುಚ್ಚಳದ ಡಬ್ಬಿಯೊಂದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಾಗಿಲಿನಿಂದ ಹೊರಬಿದ್ದಳು. ನಡಿಗೆಯಲ್ಲ, ಅರ್ಧ ಓಟ. ಪೈಪಕ್ಕ ತಟ್ಟನೆ ಎದ್ದು ಹಿಂದೆಯೇ ನಡೆದಳು. ಎರಡು ಅಂತಸ್ತು ಮೆಟ್ಟಿಲು, ಉದ್ದನೆಯ ಓಣಿ, ಕೊನೆಯಲ್ಲಿ ಲ್ಯಾಬು. ಆಯಾ ಒಳಗೆ ಹೋದಳು. ಪೈಪಕ್ಕ ಗಾಜಿನ ಕಿಟಕಿಗೆ ಮೂಗು ಒತ್ತಿದಳು. ಒಳಗೆ ಒಬ್ಬ ಹುಡುಗಿ ಡಬ್ಬಿಯಿಂದ ಚೂರು ತೆಗೆದು ಯಂತ್ರಕ್ಕಿಟ್ಟು ಹೆಪ್ಪುಗಟ್ಟಿಸಿದಳು, ಈರುಳ್ಳಿಪೊರೆಯಷ್ಟು ತೆಳ್ಳಗೆ ಹೆರೆದಳು, ಗಾಜಿಗೆ ಹತ್ತಿಸಿ ಬಣ್ಣದಲ್ಲಿ ಅದ್ದಿದಳು. ಸ್ವೆಟರು ಹಾಕಿದ ವಯಸ್ಸಾದ ಡಾಕ್ಟರೊಬ್ಬರು ಅರ್ಧ ತಿಂದ ಬನ್ನನ್ನು ಪಕ್ಕಕ್ಕಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ನೋಡಿದರು, ಸರಿಸಿದರು, ಮತ್ತೆ ನೋಡಿದರು. ಫೋನೆತ್ತಿ ಏನೋ ಹೇಳಿದರು. ಗಾಜಿನಾಚೆಯ ಮಾತು ಒಂದಕ್ಷರವೂ ಕೇಳಲಿಲ್ಲ. ಅವರು ಬನ್ನಿನ ಕಡೆ ಕೈ ಚಾಚಲಿಲ್ಲ.

ಕಾಲು ಗಂಟೆಯೊಳಗೆ ಅದೇ ಆಯಾ ಇನ್ನೊಂದು ಡಬ್ಬಿ ಹಿಡಿದು ಓಡಿ ಬಂದಳು. ಮೊದಲ ಸಲವೇ ಸರಿಯಿದ್ದರೆ ಎರಡನೆಯ ಡಬ್ಬಿ ಯಾಕೆ ಬರುತ್ತದೆ? ಅಂಚಿನಲ್ಲಿ ಕಾಯಿಲೆ ಇದೆ, ಇದ್ದೇ ಇದೆ. ಹಿಂದೆ ಯಾರೋ ಏದುಸಿರು ಬಿಡುತ್ತಿದ್ದರು. ನೋಡಿದರೆ ಮೈದುನ. ಅತ್ತಿಗೆ ಎಲ್ಲಿ ಹೋದಳೆಂದು ಹುಡುಕಿಕೊಂಡು ಬಂದವನು ಈಗ ಅವಳ ಪಕ್ಕದಲ್ಲೇ ಗಾಜಿಗೆ ಹಣೆ ಒತ್ತಿ ನಿಂತ. ಸಿಟ್ಟು ಎಲ್ಲಿ ಬಿದ್ದುಹೋಗಿತ್ತೋ, "ಇರಬಾರದು, ಇರಬಾರದು, ಇರಬಾರದು," ಎಂದು ಗೊಣಗುತ್ತಿದ್ದ. ಯಾರೋ ಬಂದು ಇಲ್ಲಿ ನಿಲ್ಲಬಾರದು ಎಂದರು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಮತ್ತೆ ಹೆರೆದದ್ದು, ಅದ್ದಿದ್ದು. ಮುದುಕ ಡಾಕ್ಟರು ಈ ಸಲ ಇನ್ನೂ ನಿಧಾನ. ಗಾಜನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತಾರೆ, ಪುಣ್ಯಾತ್ಮ. ಕೊನೆಗೆ ಫೋನೆತ್ತಿದರು. ಎರಡೇ ಮಾತು. ಇಟ್ಟರು. ತಲೆಯೆತ್ತಿ ಕಿಟಕಿಯಲ್ಲಿ ಅಂಟಿಕೊಂಡ ಎರಡು ಮುಖ ನೋಡಿ ಬೆಚ್ಚಿದರು. ಬಾಗಿಲು ಅರೆ ತೆರೆದು, ನನ್ನನ್ನು ಕೇಳಬೇಡಿ, ನಿಮ್ಮ ಸರ್ಜನ್ ಹೇಳುತ್ತಾರೆ ಎಂದು ಬಾಗಿಲು ಹಾಕಿಕೊಂಡರು. ಹೋಗಿ ಕೂತು ಬನ್ನೆತ್ತಿಕೊಂಡು ಗಬಗಬ ತಿನ್ನತೊಡಗಿದರು.

ಪೈಪಕ್ಕ ಮೈದುನನ ತೋಳು ಹಿಡಿದು ಅಲ್ಲಾಡಿಸಿದಳು. ಕೆಟ್ಟ ಸುದ್ದಿ ಕೊಟ್ಟವನು ಹೀಗೆ ತಿನ್ನುವುದಿಲ್ಲ ಕಣೋ ಎಂದಳು. ಇಬ್ಬರೂ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು.

ಮೇಡಂ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ. ಎಂಟು ಗಂಟೆ ನಿಂತ ಕಾಲಿನವರ ಹಾಗೆ ಇರಲಿಲ್ಲ, ಗೆದ್ದು ಬಂದ ಆಟಗಾರ್ತಿಯ ಹಾಗೆ ಕಣ್ಣು ಹೊಳೆಯುತ್ತಿದ್ದವು. ಗಡ್ಡೆ, ಕರುಳು, ಮೂತ್ರಕೋಶದ ಮೂರನೆಯ ಒಂದು ಭಾಗ, ಎಲ್ಲ ಒಂದೇ ತುಂಡಾಗಿ ಬಂದಿತ್ತು. ಮೊದಲ ಅಂಚಿನಲ್ಲಿ ಒಂದು ಕಡೆ ಕಾಯಿಲೆ ಇತ್ತು. ಇನ್ನೂ ಒಂದು ಬೆರಳಿನಷ್ಟು ಭಾಗ ಕತ್ತರಿಸಿದರು, ಎರಡನೆಯ ಅಂಚು ಶುದ್ಧ. ನಾಳಗಳು ಸ್ವಲ್ಪದರಲ್ಲಿ ಉಳಿದವು, ಮೂತ್ರಕೋಶವೂ ಉಳಿಯಿತು. ಚೀಲ ಒಂದೇ, ಅದೂ ಕೆಲವು ತಿಂಗಳು. ಆಮೇಲೆ ಔಷಧಿಯ ಸುತ್ತುಗಳು ಇವೆ, ದಾರಿ ಇನ್ನೂ ಉದ್ದ ಇದೆ ಎಂದೂ ಹೇಳಿದರು.

"ಆ ಎರಡನೇ ಸಲ ಬೆರಳಷ್ಟು ಕತ್ತರಿಸೋಕೆ ಧೈರ್ಯ ಬಂದಿದ್ದು ನೀವು ಒಪ್ಪಿದ್ದಕ್ಕೆ. ಅಲ್ಲಿ ಎಡವಿದ್ರೆ ಪೂರ್ತಿ ತೆಗೀಲೇಬೇಕಿತ್ತು. ನೀವು ಬೇಡ ಅಂದಿದ್ರೆ ನಾನು ಕೈ ಹಾಕ್ತಾನೇ ಇರಲಿಲ್ಲ, ಇದ್ದ ಹಾಗೇ ಹೊಲಿದು ಬರ್ತಿದ್ದೆ."

ಜಾಯಿಂಟನ್ನು ನೀರಿನಲ್ಲಿ ಮುಳುಗಿಸಿ ಕೆಳಗಿನಿಂದ ಗಾಳಿ ಊದಿ ನೋಡಿದೆ, ಒಂದು ಗುಳ್ಳೆ ಬರಲಿಲ್ಲ ಎಂದೂ ಸೇರಿಸಿದರು. ಎಷ್ಟು ಹೊತ್ತು ಊದಿದಿರಿ ಎಂದು ಪೈಪಕ್ಕ ಕೇಳಿದಳು. ಎರಡು ನಿಮಿಷವಂತೆ. ನಮ್ಮವರು ಪೈಪಿನ ಜಾಯಿಂಟಿಗೆ ಅರ್ಧ ಗಂಟೆ ಬಿಡುತ್ತಾರೆ ಎಂದು ಅವಳು ಹೇಳಿಯೇಬಿಟ್ಟಳು. ಸರ್ಜನ್ ಮೇಡಂ ಗೋಡೆಗೊರಗಿ ಬಿದ್ದು ಬಿದ್ದು ನಕ್ಕರು. ಮೈದುನ ಮಾತ್ರ ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಮೂರನೆಯ ದಿನ ಪೈಪಣ್ಣನನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಮೂಗಿನ ನಳಿಕೆ ತೆಗೆದಿದ್ದರು. ಮಾತು ಕ್ಷೀಣ, ಕಣ್ಣು ಚುರುಕು. ಚೀಲ ಒಂದೇ ಎಂದು ಅವನಿಗೆ ಮೇಡಂ ಹೇಳಿಯಾಗಿತ್ತು. ಎಲ್ಲ ಸುಖವಾಗಿ ಮುಗಿದಿದೆ, ಆ ಸಹಿಯ ವಿಷಯ ಎತ್ತಬೇಡಿ ಅತ್ತಿಗೆ ಎಂದು ಮೈದುನ ವಾರ್ಡಿನ ಬಾಗಿಲಲ್ಲೇ ಕೈ ಮುಗಿದು ಕೇಳಿಕೊಂಡ. ಹೇಳದಿದ್ದರೆ ಆಗುವ ನಷ್ಟವೇನು? ನಷ್ಟವಿರಲಿಲ್ಲ. ಆದರೆ ಕೈ ಮೇಲೆ ಕೈ ಇಟ್ಟು ಕೊಟ್ಟ ಮಾತು, ಮುರಿದದ್ದು ಅವನಿಗೆ ಗೊತ್ತಾಗದೆ ಉಳಿದರೆ ಅದು ಸುಳ್ಳಾಗಿಯೇ ಉಳಿಯುತ್ತದೆ.

ಮಂಚದ ಅಂಚಿಗೆ ಕೂತು, ಅವನ ಮುಖ ನೋಡದೆ, ಒಂದೇ ಉಸಿರಿಗೆ ಹೇಳಿಬಿಟ್ಟಳು. ಮೇಡಂ ಹೊರಗೆ ಬಂದದ್ದು, ಎರಡನೆಯ ಚೀಲದ ಮಾತು ಕೇಳಿದ್ದು, ತಾನು ತೆಗೆಯಿರಿ ಎಂದದ್ದು. ಬೈಯುವುದಿದ್ದರೆ ಈಗಲೇ ಬೈದುಬಿಡಿ ಎಂದಳು.

ಪೈಪಣ್ಣ ಹೊಟ್ಟೆಯ ಮೇಲಿನ ಒಂದೇ ಚೀಲವನ್ನು ನೋಡಿಕೊಂಡ. ಆಮೇಲೆ ಕೇಳಿದ, "ಎಷ್ಟೊತ್ತು ಯೋಚನೆ ಮಾಡ್ದೆ?"

"ಯೋಚನೆ ಎಲ್ಲಿಂದ ಬಂತು? ಅವರಿನ್ನೂ ಕೇಳಿ ಮುಗಿಸಿರಲಿಲ್ಲ."

ಅವನ ಭುಜ ಅಲುಗತೊಡಗಿತು. ಹೊಲಿಗೆ ನೋಯುತ್ತಿದೆಯೇನೋ ಎಂದು ಅವಳು ಗಾಬರಿಯಿಂದ ತಿರುಗಿದರೆ, ಅವನು ದಿಂಬನ್ನು ಹೊಟ್ಟೆಗವಚಿಕೊಂಡು ನಗುತ್ತಿದ್ದ, ಕಣ್ಣಿಂದ ನೀರು ಕೆನ್ನೆಗಿಳಿಯುತ್ತಿತ್ತು.

"ನಿದ್ದೆ ಬರೋ ಮದ್ದು ಕೊಡೋವಾಗ ಇದ್ದಿದ್ದು ಒಂದೇ ಭಯ ಕಣೆ," ಎಂದ. "ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ನನ್ನ ಮಾತು ಕೇಳಿದವಳಲ್ಲ ನೀನು. ಇವತ್ತೊಂದು ದಿನ ಎಲ್ಲಿ ಕೇಳ್ಬಿಡ್ತೀಯೋ ಅಂತ."

ಆಪರೇಷನ್ನಿನ ದಿನವೂ ಕಣ್ಣೀರು ಹಾಕದ ಪೈಪಕ್ಕ ಈಗ ಅವನ ಕೈಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು, ಅಳುತ್ತಲೇ ಅವನನ್ನು ಬಾಯಿಗೆ ಬಂದಂತೆ ಬೈದಳು. ನಗಬೇಡಿ, ಹೊಲಿಗೆ ಬಿಚ್ಚುತ್ತದೆ ಎಂದು ನರ್ಸು ದೂರದಿಂದ ಗದರುತ್ತಿದ್ದರೂ ಅವನು ನಗುತ್ತಲೇ ಇದ್ದ.